ಕೂಲಿಯ ಅಂತರ, ಜನರ ವಲಸೆ

ವಿಭವಾಂತರವಿರುವಲ್ಲಿ ವಿದ್ಯುತ್ತು ಹರಿಯುವುದೆಂದು ನಾವು ಬಲ್ಲೆವು. ಕೂಲಿಯ ಅಂತರವಿರುವಲ್ಲಿ ಜನರೂ ಹಾಗೆಯೇ ಹರಿಯುವರೇ? 2022-23ರಲ್ಲಿ ಹಳ್ಳಿಯ ಕೃಷಿಕಾರ್ಮಿಕನ ಸರಾಸರಿ ದಿನಗೂಲಿ ಕೇರಳದಲ್ಲಿ ಸುಮಾರು 764 ರೂಪಾಯಿ, ಮಧ್ಯಪ್ರದೇಶದಲ್ಲಿ ಸುಮಾರು 229. ಆದರೂ ಮಧ್ಯಪ್ರದೇಶದ ಹಳ್ಳಿಗಳು ಬರಿದಾಗಲಿಲ್ಲ. ವಿದ್ಯುನ್ಮಂಡಲದಂತೆ ಇಲ್ಲಿಯೂ ರೋಧವುಂಟು: ದೂರ, ದಾರಿಯ ವೆಚ್ಚ, ಅರಿಯದ ಭಾಷೆ, ಮನೆಬಾಡಿಗೆ.

1970ರಲ್ಲಿ ಹ್ಯಾರಿಸ್ ಮತ್ತು ಟೊಡಾರೊ ಎಂಬ ಅರ್ಥಶಾಸ್ತ್ರಜ್ಞರು ಮತ್ತೊಂದು ಅಂಶವನ್ನು ತೋರಿಸಿದರು. ವಲಸೆಗಾರನು ತೂಗಿನೋಡುವುದು ಕೂಲಿಯನ್ನಷ್ಟೇ ಅಲ್ಲ, ಕೆಲಸ ದೊರೆಯುವ ಸಂಭವವನ್ನೂ ಕೂಡ. ಉದಾಹರಣೆಗೆ, ಊರಿನಲ್ಲಿ 300 ರೂಪಾಯಿಯಂತೆ ತಿಂಗಳಿಗೆ 24 ದಿನ ದುಡಿದರೆ 7200 ರೂಪಾಯಿ. ನಗರದಲ್ಲಿ 600ರಂತೆ 12 ದಿನ ಕೆಲಸ ದೊರೆತರೂ ಅಷ್ಟೇ. ಕೂಲಿ ಇಮ್ಮಡಿಯಾದರೂ ಹೊರಡಲು ಕಾರಣವಿಲ್ಲ. ಆದರೆ ಮಳೆ ತಪ್ಪಿ ಊರಿನ ಕೆಲಸ 8 ದಿನಗಳಿಗಿಳಿಯಿತೆನ್ನೋಣ. ಆಗ ನಗರದ ಕೂಲಿ ಒಂದು ಕಾಸೂ ಏರದಿದ್ದರೂ ಕುಟುಂಬವು ಗಂಟುಮೂಟೆ ಕಟ್ಟಲೇಬೇಕಾಗುವುದು.