ಆಟದ ವೈರ್‌ಲೆಸ್ ಮೌಸ್: ದಾಸ್ತಾನಿಗೆ ಮುನ್ನ ಪರೀಕ್ಷೆ

ಕಂಪ್ಯೂಟರ್ ಪರಿಕರಗಳ ವ್ಯಾಪಾರದಲ್ಲಿ ಮೌಸ್ ಬಹುಕಾಲ ಅಲ್ಪಬೆಲೆಯ ಸರಕಾಗಿಯೇ ಇತ್ತು. ಕೆಲವು ನೂರು ರೂಪಾಯಿಗಳ ಮೌಸ್ ಕೆಟ್ಟರೆ ಗ್ರಾಹಕನಿಗಾಗಲಿ ವರ್ತಕನಿಗಾಗಲಿ ದೊಡ್ಡ ನಷ್ಟವಿರಲಿಲ್ಲ. ಕಂಪ್ಯೂಟರ್ ಆಟಗಳಿಗೆಂದೇ ತಯಾರಾಗುವ ವೈರ್‌ಲೆಸ್ ಮೌಸ್‌ಗಳು ಈ ಲೆಕ್ಕವನ್ನು ಬದಲಿಸಿವೆ. ಉನ್ನತ ದರ್ಜೆಯ ಒಂದು ಮೌಸ್‌ನ ಬೆಲೆ ಇಂದು ಹತ್ತು ಸಾವಿರ ರೂಪಾಯಿಗಳನ್ನು ಮೀರುತ್ತದೆ. ಅಂತಹ ಹತ್ತು ಮೌಸ್‌ಗಳನ್ನು ತರಿಸಿಟ್ಟರೆ ಲಕ್ಷಕ್ಕೂ ಮಿಕ್ಕ ಬಂಡವಾಳ ಕಪಾಟಿನಲ್ಲಿ ಕೂರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ವರ್ತಕರಾಗಲಿ, ಜಿಲ್ಲಾ ಕೇಂದ್ರಗಳ ಮಾರಾಟಗಾರರಾಗಲಿ, ಈ ಸರಕನ್ನು ಅಳೆಯುವ ಬಗೆಯನ್ನು ಅರಿತಿರುವುದು ಅಗತ್ಯವಾಗಿದೆ.

ತಂತಿಯಿಲ್ಲದ ಮೌಸ್ ನಿಧಾನ, ಭಾರ ಎಂಬ ಅಭಿಪ್ರಾಯ ಆಟಗಾರರಲ್ಲಿ ಬಲವಾಗಿ ಬೇರೂರಿತ್ತು. ಅದಕ್ಕೆ ಕಾರಣವೂ ಇತ್ತು. ಸ್ವಿಟ್ಜರ್ಲೆಂಡಿನಲ್ಲಿ 1981ರಲ್ಲಿ ಆರಂಭಗೊಂಡ ಲಾಜಿಟೆಕ್ ಸಂಸ್ಥೆ 2013ರಲ್ಲಿ ಹೊರತಂದ ಜಿ602 ಮೌಸ್ ಎರಡು ಎಎ ಸೆಲ್‌ಗಳನ್ನು ಹೊತ್ತು, ಸೆಕೆಂಡಿಗೆ 500 ಬಾರಿ ಮಾತ್ರ ತನ್ನ ಚಲನೆಯನ್ನು ಕಂಪ್ಯೂಟರಿಗೆ ವರದಿ ಮಾಡುತ್ತಿತ್ತು. ಅದೇ ಸಂಸ್ಥೆಯ 2018ರ ಜಿ ಪ್ರೊ ವೈರ್‌ಲೆಸ್ 80 ಗ್ರಾಂ ತೂಕದಲ್ಲಿ ಸೆಕೆಂಡಿಗೆ 1,000 ವರದಿ ನೀಡಿತು. 2023ರ ಪ್ರೊ ಎಕ್ಸ್ ಸೂಪರ್‌ಲೈಟ್ 2ರ ತೂಕ 60 ಗ್ರಾಂ. ಹೀಗೆ ತಂತಿಯ ಪ್ರಶ್ನೆ ಹಿಂದೆ ಸರಿದು, ಪೆಟ್ಟಿಗೆಯ ಮೇಲಿನ ಯಾವ ಅಂಕಿಗೆ ಎಷ್ಟು ಬೆಲೆ ಕೊಡಬೇಕೆಂಬ ಪ್ರಶ್ನೆ ಮುಂದೆ ಬಂದಿದೆ.

ಡಿ.ಪಿ.ಐ. ಎಂಬ ಆಕರ್ಷಣೆ

ಪೆಟ್ಟಿಗೆಯ ಮೇಲೆ ಅತಿ ದೊಡ್ಡ ಅಕ್ಷರಗಳಲ್ಲಿ ಮುದ್ರಿತವಾಗುವುದು ಡಿ.ಪಿ.ಐ. ಅಂಕಿ. ಮೌಸ್ ಒಂದು ಅಂಗುಲ ಸರಿದಾಗ ದಾಖಲಾಗುವ ಹೆಜ್ಜೆಗಳ ಸಂಖ್ಯೆ ಇದು. 1,920 ಬಿಂದುಗಳ ಅಗಲದ ಪರದೆಯನ್ನು ದಾಟಲು 800 ಡಿ.ಪಿ.ಐ.ನಲ್ಲಿ ಮೌಸನ್ನು 2.4 ಅಂಗುಲ ಸರಿಸಬೇಕು. 32,000 ಡಿ.ಪಿ.ಐ.ನಲ್ಲಿ ಒಂದೂವರೆ ಮಿಲಿಮೀಟರ್ ಸರಿಸಿದರೆ ಸಾಕು. ಅಷ್ಟು ಸೂಕ್ಷ್ಮ ಚಲನೆಯಲ್ಲಿ ಗುರಿ ಹಿಡಿಯುವುದು ಕೈಗೆ ಅಸಾಧ್ಯ. ಗುರಿಯಿಡುವ ಆಟಗಳ ನುರಿತ ಆಟಗಾರರು ಸಾಮಾನ್ಯವಾಗಿ 400ರಿಂದ 1,600ರ ನಡುವೆಯೇ ಆಡುತ್ತಾರೆ. ಅರ್ಧ ಮಿಲಿಮೀಟರ್ ವ್ಯತ್ಯಾಸಕ್ಕೆ ಅವಕಾಶವಿರುವ ಕೆಲಸಕ್ಕೆ ಮೈಕ್ರಾನ್ ಅಳೆಯುವ ಉಪಕರಣ ಕೊಳ್ಳುವುದು ವ್ಯರ್ಥವೆಂದು ಕಾರ್ಖಾನೆ ನಡೆಸುವವರು ಬಲ್ಲರು. ಇಲ್ಲಿಯೂ ಲೆಕ್ಕ ಅದೇ.

ವರದಿಯ ವೇಗ ಮತ್ತು ಬ್ಯಾಟರಿ

ಸೆಕೆಂಡಿಗೆ 125 ವರದಿಗಳಾದರೆ ಎರಡು ವರದಿಗಳ ನಡುವಿನ ಅಂತರ 8 ಮಿಲಿಸೆಕೆಂಡ್. 1,000 ಆದರೆ 1 ಮಿಲಿಸೆಕೆಂಡ್. ಈ ವ್ಯತ್ಯಾಸ ಅನುಭವಕ್ಕೆ ಬರುತ್ತದೆ. 8,000ಕ್ಕೆ ಏರಿದಾಗ ಉಳಿಯುವುದು ಒಂದು ಮಿಲಿಸೆಕೆಂಡಿಗಿಂತಲೂ ಕಡಿಮೆ. ಗ್ರಾಹಕನ ಮನೆಯಲ್ಲಿರುವುದು ಸೆಕೆಂಡಿಗೆ 60 ಬಾರಿ ಬದಲಾಗುವ ಪರದೆಯಾದರೆ, ಒಂದು ಚಿತ್ರದಿಂದ ಮತ್ತೊಂದಕ್ಕೆ ಸುಮಾರು 16.7 ಮಿಲಿಸೆಕೆಂಡ್ ಹಿಡಿಯುವುದರಿಂದ ಆ ಉಳಿತಾಯ ಅವನಿಗೆ ತಿಳಿಯುವುದೇ ಇಲ್ಲ. ವೇಗಕ್ಕೆ ಬ್ಯಾಟರಿ ತೆರುವ ಬೆಲೆ ಮಾತ್ರ ದೊಡ್ಡದು. ರೇಜರ್ ಸಂಸ್ಥೆಯ 2024ರ ವೈಪರ್ ವಿ3 ಪ್ರೊ 1,000 ವರದಿಗಳ ದರದಲ್ಲಿ 95 ಗಂಟೆ, 8,000ದಲ್ಲಿ 17 ಗಂಟೆ ಬಾಳುತ್ತದೆಂದು ತಯಾರಕರೇ ತಿಳಿಸಿದ್ದಾರೆ. ಆದುದರಿಂದ ಮಾರುವ ಮುನ್ನ ಗ್ರಾಹಕನ ಪರದೆ ಯಾವುದೆಂದು ಕೇಳುವುದು ಒಳಿತು.

ಹಿಂದಿರುಗಿ ಬರುವ ಸರಕು

ಕರ್ಸರ್ ತಡವರಿಸುತ್ತದೆಂಬ ದೂರಿನ ಎಲ್ಲ ಮೌಸ್‌ಗಳೂ ದೋಷಯುಕ್ತವಲ್ಲ. ಯು.ಎಸ್.ಬಿ. 3.0 ಜೋಡಣೆಗಳಿಂದ ಹೊಮ್ಮುವ ರೇಡಿಯೋ ಸದ್ದು 2.4 ಗಿಗಾಹರ್ಟ್ಸ್ ಉಪಕರಣಗಳಿಗೆ ಅಡ್ಡಿಯಾಗುತ್ತದೆಂದು ಇಂಟೆಲ್ ಸಂಸ್ಥೆ 2012ರಲ್ಲಿಯೇ ಪ್ರಕಟಿಸಿತ್ತು. ಮೌಸ್‌ನ ರಿಸೀವರ್ ಕ್ಯಾಬಿನೆಟ್ಟಿನ ಹಿಂದೆ ಹಾರ್ಡ್ ಡಿಸ್ಕಿನ ಕೇಬಲ್ ಪಕ್ಕದಲ್ಲಿದ್ದರೆ ಉತ್ತಮ ಮೌಸ್ ಕೂಡ ಎಡವುತ್ತದೆ. ಎಕ್ಸ್‌ಟೆನ್ಷನ್ ಕೇಬಲ್ ಮೂಲಕ ರಿಸೀವರನ್ನು ಮೌಸ್‌ನ ಸಮೀಪಕ್ಕೆ ತಂದು ಪರೀಕ್ಷಿಸಿದ ಮೇಲೆಯೇ ಸರಕನ್ನು ಹಿಂದಕ್ಕೆ ಪಡೆಯುವ ತೀರ್ಮಾನವಾಗಬೇಕು.

ಒಮ್ಮೆ ಒತ್ತಿದರೆ ಎರಡು ಬಾರಿ ಒತ್ತಿದಂತಾಗುವುದು ನಿಜವಾದ ದೋಷ. ಲೋಹದ ಪಟ್ಟಿಯಿರುವ ಸ್ವಿಚ್ಚುಗಳಲ್ಲಿ ಸಂಪರ್ಕಬಿಂದು ಸವೆದಾಗ ಇದು ಕಾಣಿಸಿಕೊಳ್ಳುತ್ತದೆ. ಬೆಳಕಿನ ಕಿರಣದಿಂದ ಕೆಲಸ ಮಾಡುವ ಸ್ವಿಚ್ಚುಗಳಲ್ಲಿ ಇಂತಹ ಲೋಹಸಂಪರ್ಕವಿಲ್ಲದಿರುವುದರಿಂದ ಈ ತೊಂದರೆ ತಪ್ಪುತ್ತದೆ. ವಾರಂಟಿ ಎಷ್ಟು ಕಾಲ, ಸರಕನ್ನು ಬದಲಿಸಿಕೊಡುವವರು ಯಾರು, ಸಾಗಣೆ ವೆಚ್ಚ ಯಾರದು ಎಂಬುದನ್ನು ಖರೀದಿಯ ಸಮಯದಲ್ಲಿಯೇ ಲಿಖಿತವಾಗಿ ಪಡೆಯುವುದು ಜಾಣತನ.

ಪೆಟ್ಟಿಗೆ ಮತ್ತು ದಾಖಲೆ

ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಸ್ ತರಂಗಪಟ್ಟಿಯ ಕಿರುಶಕ್ತಿ ಉಪಕರಣಗಳನ್ನು ಬಳಸಲು ಪರವಾನಗಿ ಬೇಕಿಲ್ಲ. ಆದರೆ ಆಮದುದಾರರು ದೂರಸಂಪರ್ಕ ಇಲಾಖೆಯ ಮಾದರಿ ಅನುಮೋದನೆಯನ್ನು ಹೊಂದಿರಬೇಕು. ಆಮದುದಾರರ ಹೆಸರು, ವಿಳಾಸ, ತಯಾರಾದ ದೇಶ ಹಾಗೂ ಗರಿಷ್ಠ ಮಾರಾಟ ಬೆಲೆ ಪೆಟ್ಟಿಗೆಯ ಮೇಲೆ ಇರಬೇಕು. ಬಿಲ್ಲಿಲ್ಲದೆ ಅಗ್ಗವಾಗಿ ಬಂದ ಸರಕಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯದು. ತಯಾರಕರ ವಾರಂಟಿಯನ್ನು ಕೇಳುವುದೂ ಕಷ್ಟ. ಉಳಿದಂತೆ ಕಂಡ ಹಣ ಒಂದೆರಡು ತಕರಾರುಗಳಲ್ಲಿಯೇ ಕರಗಿಹೋಗುತ್ತದೆ.

ಕೊನೆಯದಾಗಿ, ಅಂಗೈಗೆ ಒಗ್ಗದ ಮೌಸ್ ಎಷ್ಟೇ ವೇಗದ್ದಾದರೂ ಗ್ರಾಹಕನಿಗೆ ಒಪ್ಪಿಗೆಯಾಗದು. ಕೈಯ ಅಳತೆ ಎಲ್ಲರಿಗೂ ಒಂದೇ ಆಗಿರುವುದಿಲ್ಲ. ಆದ್ದರಿಂದ ಮಾದರಿಗೊಂದರಂತೆ ಮೌಸನ್ನು ಪೆಟ್ಟಿಗೆಯಿಂದ ತೆಗೆದು, ಚಾಲೂ ಇರುವ ಕಂಪ್ಯೂಟರಿಗೆ ಜೋಡಿಸಿ, ಗ್ರಾಹಕರು ಹಿಡಿದು ನೋಡಲು ಅನುವು ಮಾಡಿಕೊಡಬೇಕು. ಆ ಒಂದು ಮೌಸ್ ಪ್ರದರ್ಶನಕ್ಕೇ ಸವೆದರೂ ನಷ್ಟವಿಲ್ಲ. ಕೇವಲ ಬೆಲೆಯನ್ನೇ ನೋಡುವ ಗ್ರಾಹಕ ಆನ್‌ಲೈನ್ ಮಾರಾಟದತ್ತ ಹೋಗಬಹುದು. ಹಿಡಿದು ನೋಡಿ ಕೊಳ್ಳುವ ಅವಕಾಶವನ್ನು ಅಲ್ಲಿ ಪಡೆಯಲಾರ. ಸಣ್ಣ ವರ್ತಕರಿಗೆ ಉಳಿದಿರುವ ಅನುಕೂಲ ಅದೇ, ಅದನ್ನು ಬಿಟ್ಟುಕೊಡಬಾರದು.