ಸೋರುವುದು ದೋಣಿಯ ಗುಣವಲ್ಲ

ಅಮೆರಿಕದ ಸರೋವರ ತೀರದ ಊರುಗಳಲ್ಲಿ ಬೇಸಿಗೆ ಶುರುವಾಗುವ ಹೊತ್ತಿಗೆ ಟ್ರೇಲರ್ ಏರಿದ ಹಳೆಯ ಮೋಟರ್ ದೋಣಿಗಳು ಮನೆಯಂಗಳಗಳಲ್ಲಿ ಮಾರಾಟಕ್ಕೆ ನಿಲ್ಲುತ್ತವೆ. ಇಪ್ಪತ್ತೈದು ಮೂವತ್ತು ವರ್ಷ ದುಡಿದ ಫೈಬರ್‌ಗ್ಲಾಸ್ ಒಡಲು, ಒಳಗೆ ಕಾರಿನ ವಂಶದ ದೊಡ್ಡ ಪೆಟ್ರೋಲ್ ಎಂಜಿನ್, ಹಿಂದೆ ಬಣ್ಣ ಮಾಸಿದ ಡ್ರೈವ್. ಬೆಲೆ ಮಾತಾಡುವಾಗ ಮಾರುವವರು ಒಂದು ಮಾತು ಸೇರಿಸುವುದುಂಟು: ‘ಸ್ವಲ್ಪ ನೀರು ಒಳಗೆ ಬರುತ್ತದೆ, ಎಲ್ಲ ದೋಣಿಗೂ ಇದ್ದದ್ದೇ, ಪಂಪ್ ನೋಡಿಕೊಳ್ಳುತ್ತದೆ.’ ಕೇಳಲು ಸಮಾಧಾನ ಕೊಡುವ ಈ ಮಾತಿನಲ್ಲಿ ಮೊದಲ ತುಂಡು ಬಿಟ್ಟರೆ ಉಳಿದದ್ದೆಲ್ಲ ತಪ್ಪು.

ಈ ದೋಣಿಗಳ ಹೆಸರು ಸ್ಟರ್ನ್‌ಡ್ರೈವ್. ನಮ್ಮ ಕರಾವಳಿಯವರಿಗೆ ಇದರ ರಚನೆ ಬೇಗ ಹೊಳೆಯುತ್ತದೆ. ಮಲ್ಪೆಯ ಟ್ರಾಲ್ ಬೋಟಿನಲ್ಲಿ ಎಂಜಿನ್ ಒಡಲೊಳಗಿರುತ್ತದೆ. ಅಲ್ಲಿಂದ ಉದ್ದನೆಯ ಶಾಫ್ಟ್ ತಳವನ್ನು ತೂರಿ ಹೊರಗಿನ ಪ್ರೊಪೆಲ್ಲರ್ ತಿರುಗಿಸುತ್ತದೆ. ನಾಡದೋಣಿಯಲ್ಲಾದರೆ ಎಂಜಿನ್ನೇ ಹೊರಗೆ, ಹಿಂಬದಿಗೆ ಸಿಕ್ಕಿಸಿಕೊಂಡಿರುತ್ತದೆ. ಸ್ಟರ್ನ್‌ಡ್ರೈವ್ ಇವೆರಡರ ನಡುವಿನದು: ಎಂಜಿನ್ ಒಳಗೆ, ಪ್ರೊಪೆಲ್ಲರ್ ಇರುವ ಕಾಲು ಹೊರಗೆ. ಆ ಕಾಲೇ ಡ್ರೈವ್. ಅದನ್ನು ಎಡಬಲಕ್ಕೆ ಹೊರಳಿಸಬಹುದು, ಮೇಲಕ್ಕೆ ಎತ್ತಬಹುದು. ಅಮೆರಿಕದ ಎಂಜಿನಿಯರ್ ಜಿಮ್ ವಿನ್ ಅವರ ಕಲ್ಪನೆಯನ್ನು ಸ್ವೀಡನ್ನಿನ ವೋಲ್ವೊ ಪೆಂಟಾ ಕಂಪನಿ ‘ಅಕ್ವಾಮ್ಯಾಟಿಕ್’ ಎಂಬ ಹೆಸರಿನಲ್ಲಿ 1959ರ ನ್ಯೂಯಾರ್ಕ್ ದೋಣಿ ಪ್ರದರ್ಶನದಲ್ಲಿಟ್ಟಿತು. 1961ರಲ್ಲಿ ಮರ್ಕ್ರೂಸರ್ ಎಂಬ ಇನ್ನೊಂದು ಸ್ಟರ್ನ್‌ಡ್ರೈವ್ ಬಂತು. ಆಮೇಲಿನ ದಶಕಗಳಲ್ಲಿ ಅಮೆರಿಕದ ಕುಟುಂಬಗಳು ಕೊಂಡ ವಿಹಾರ ದೋಣಿಗಳಲ್ಲಿ ಈ ಮಾದರಿಯವು ಲೆಕ್ಕವಿಲ್ಲದಷ್ಟು.

ಅನುಕೂಲಕ್ಕೆ ತೆತ್ತ ಬೆಲೆ ದೋಣಿಯ ಹಿಂಗೋಡೆಯಲ್ಲಿದೆ. ಟ್ರಾನ್ಸಮ್ ಎಂದು ಕರೆಯುವ ಆ ಗೋಡೆಯಲ್ಲಿ ದೊಡ್ಡ ಕಿಂಡಿಯೊಂದನ್ನು ಕೊರೆದಿರುತ್ತಾರೆ. ಎಂಜಿನ್ನಿನ ಶಕ್ತಿ ಹೊರಗೆ ಹೋಗುವುದು, ಹೊಗೆ ಹೊರಬೀಳುವುದು, ಎಂಜಿನ್ ತಣಿಸುವ ನೀರು ಒಳಬರುವುದು, ಗೇರ್ ಕೇಬಲ್ ಹಾಯುವುದು ಎಲ್ಲವೂ ಆ ಜಾಗದಲ್ಲೇ. ಕಿಂಡಿಯ ಬಹುಪಾಲು ನೀರಿನ ಮಟ್ಟಕ್ಕಿಂತ ಕೆಳಗಿದೆ. ಸರೋವರಕ್ಕೂ ಎಂಜಿನ್ ಕೋಣೆಗೂ ನಡುವೆ ಅಲ್ಲಿರುವುದು ಕೆಲವು ರಬ್ಬರ್ ತುಂಡುಗಳು ಮತ್ತು ಕ್ಲ್ಯಾಂಪುಗಳು.

‘ದೋಣಿ ಎಂದಮೇಲೆ ನೀರು ಬಂದೇ ಬರುತ್ತದೆ’

ಈ ನಂಬಿಕೆಗೆ ಬುಡವಿಲ್ಲದೆ ಇಲ್ಲ. ಆದರೆ ಆ ಬುಡ ಬೇರೆ ದೋಣಿಯದು. ಹಲಗೆ ಜೋಡಿಸಿ ಸಂದಿಗೆ ನಾರು ತುರುಕಿದ ಮರದ ದೋಣಿ ದಡದಲ್ಲಿ ಒಣಗಿದರೆ ಸಂದಿಗಳು ಬಿಡುತ್ತವೆ. ನೀರಿಗಿಳಿಸಿದ ಮೊದಲ ದಿನ ಸೋರಿ, ಮರ ಉಬ್ಬಿದ ಮೇಲೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಶಾಫ್ಟ್ ಇರುವ ದೋಣಿಯಲ್ಲೂ ಅಷ್ಟೇ. ಶಾಫ್ಟ್ ತಳ ತೂರುವಲ್ಲಿ ಗ್ರೀಸ್ ಹಚ್ಚಿದ ಹುರಿಯ ಪ್ಯಾಕಿಂಗ್ ಇರುತ್ತದೆ. ಶಾಫ್ಟ್ ತಿರುಗುವಾಗ ಅಲ್ಲಿ ಹನಿ ಹನಿಯಾಗಿ ನೀರು ಜಿನುಗಲೇಬೇಕು, ಇಲ್ಲದಿದ್ದರೆ ಪ್ಯಾಕಿಂಗ್ ಕಾದು ಸುಡುತ್ತದೆ.

ಫೈಬರ್‌ಗ್ಲಾಸಿನ ಸ್ಟರ್ನ್‌ಡ್ರೈವ್‌ನಲ್ಲಿ ಉಬ್ಬುವ ಹಲಗೆಯೂ ಇಲ್ಲ, ಜಿನುಗಬೇಕಾದ ಪ್ಯಾಕಿಂಗೂ ಇಲ್ಲ. ಎಂಜಿನ್ ಕೆಳಗಿನ ತಳಭಾಗಕ್ಕೆ ಬಿಲ್ಜ್ ಎನ್ನುತ್ತಾರೆ. ಮಳೆ ಬೀಳದ, ಈಜಿ ಬಂದವರ ಮೈಯಿಂದ ನೀರು ಇಳಿಯದ ದಿನ ಅದು ಒಣಗಿರಬೇಕು.

‘ನೀರಿದೆ ಎಂದರೆ ತಳದಲ್ಲಿ ತೂತಿದೆ’

ಬಿಲ್ಜ್‌ನಲ್ಲಿ ನೀರು ಕಂಡವರು ದೋಣಿಯಡಿ ಮಲಗಿ ಬಿರುಕು ಹುಡುಕುವುದು ಸಾಮಾನ್ಯ ದೃಶ್ಯ. ದಪ್ಪ ಫೈಬರ್‌ಗ್ಲಾಸ್ ತಳ ತಾನಾಗಿ ತೂತಾಗುವುದು ಅಪರೂಪ. ಎಲ್ಲಿಂದ ಬಂತು ಎಂದು ಕೇಳುವುದಕ್ಕಿಂತ ಯಾವಾಗ ಬಂತು ಎಂದು ಕೇಳುವವರಿಗೆ ಉತ್ತರ ಬೇಗ ಸಿಗುತ್ತದೆ.

ದೋಣಿ ಟ್ರೇಲರ್ ಮೇಲಿದ್ದಾಗಲೇ ನೀರು ಸೇರುತ್ತಿದೆಯೇ? ಹಾಗಿದ್ದರೆ ಅದು ಮಳೆ. ಗಾಜಿನ ಚೌಕಟ್ಟು, ಅಂಚಿನ ರಬ್ಬರ್ ಪಟ್ಟಿ, ಹರಿದ ಹೊದಿಕೆ, ಇವೇ ಆರೋಪಿಗಳು. ಕಟ್ಟೆಗೆ ಕಟ್ಟಿ, ಎಂಜಿನ್ ನಿಲ್ಲಿಸಿಟ್ಟ ರಾತ್ರಿಯಲ್ಲಿ ನೀರು ಏರಿದರೆ ಡ್ರೈವ್‌ನ ರಬ್ಬರ್, ಟ್ರಾನ್ಸಮ್ ಕಿಂಡಿಯ ಸುತ್ತಿನ ಸೀಲ್, ತಳದ ಡ್ರೇನ್ ಪ್ಲಗ್, ನೀರಿನ ಮಟ್ಟದ ಕೆಳಗಿನ ಸ್ಕ್ರೂಗಳನ್ನು ನೋಡಬೇಕು. ಹಿಂಬದಿ ಸೀಟಿನಲ್ಲಿ ನಾಲ್ಕು ಜನ ಕೂತಾಗ ಮಾತ್ರ ಬಂದರೆ, ಸಾಮಾನ್ಯವಾಗಿ ನೀರಿನ ಮೇಲಿರುವ ಯಾವುದೋ ಬೋಲ್ಟ್ ಆಗ ಮುಳುಗಿದೆ ಎಂದರ್ಥ. ಈಜುವವರ ಮೆಟ್ಟಿಲು, ಹಿಂಬದಿಯ ಪ್ಲಾಟ್‌ಫಾರ್ಮ್ ಹಿಡಿದಿರುವ ಬೋಲ್ಟುಗಳ ಸಾಲು ಅಲ್ಲೇ ಇರುತ್ತದೆ.

ಎಂಜಿನ್ ಓಡುವಾಗ ಮಾತ್ರ ಸೋರಿದರೆ ಕಥೆಯೇ ಬೇರೆ. ಈ ಎಂಜಿನ್ನುಗಳು ತಣ್ಣಗಿರಲು ಸರೋವರದ ನೀರನ್ನೇ ನಿಮಿಷಕ್ಕೆ ಹತ್ತಾರು ಲೀಟರ್ ಎಳೆದು, ಮೈಯೊಳಗೆ ಹಾಯಿಸಿ, ಹೊಗೆಯ ಜೊತೆ ಹೊರಗೆ ಚೆಲ್ಲುತ್ತವೆ. ಒಂದು ಹಳೆಯ ಹೋಸ್ ಸೀಳಿದರೆ, ತುಕ್ಕು ತಿಂದ ಎಗ್ಸಾಸ್ಟ್ ಮ್ಯಾನಿಫೋಲ್ಡ್ ಬಿರಿದರೆ, ಎಂಜಿನ್ನೇ ಸರೋವರವನ್ನು ದೋಣಿಗೆ ತುಂಬಿಸುತ್ತದೆ. ಇದನ್ನು ಪತ್ತೆಮಾಡಲು ನೀರಿಗಿಳಿಯಬೇಕಿಲ್ಲ. ಡ್ರೈವ್ ನೀರು ಹೀರುವ ಕಂಡಿಗಳಿಗೆ ರಬ್ಬರ್ ಕಿವಿಮುಚ್ಚಿಯಂಥ ಸಾಧನ ಕಚ್ಚಿಸಿ, ತೋಟದ ಪೈಪ್ ಸೇರಿಸಿ, ಅಂಗಳದಲ್ಲೇ ಎಂಜಿನ್ ಓಡಿಸಿ ಟಾರ್ಚ್ ಹಿಡಿದು ನೋಡಿದರಾಯಿತು. ನೀರು ಕೊಡದೆ ಮಾತ್ರ ಓಡಿಸಬಾರದು; ಪಂಪಿನ ರಬ್ಬರ್ ಇಂಪೆಲ್ಲರ್ ಸ್ವಲ್ಪ ಹೊತ್ತಿನಲ್ಲೇ ಸುಟ್ಟುಹೋಗುತ್ತದೆ.

ವೇಗವಾಗಿ ಓಡುವಾಗ ಮಾತ್ರ ನೀರು ಬರುವ ಹಳೆಯ ದೋಣಿಗಳಲ್ಲಿ ಒಂದು ತಮಾಷೆಯ ಆರೋಪಿ ಇದೆ: ಸ್ಪೀಡೋಮೀಟರ್. ಆ ಕಾಲದ ಎಷ್ಟೋ ದೋಣಿಗಳಲ್ಲಿ ವೇಗ ಅಳೆಯುತ್ತಿದ್ದದ್ದು ನೀರಿನ ಒತ್ತಡದಿಂದ. ಡ್ರೈವ್‌ನಿಂದ ಒಂದು ಸಣ್ಣ ಕೊಳವೆ ಒಳಕ್ಕೆ ಹಾದು ಡ್ಯಾಶ್‌ಬೋರ್ಡ್‌ವರೆಗೆ ಹೋಗುತ್ತದೆ. ಅದು ಎಲ್ಲಾದರೂ ಕಳಚಿದರೆ ದೋಣಿ ಓಡಿದಷ್ಟು ಹೊತ್ತು ಪಿಚಕಾರಿ, ನಿಂತ ಕೂಡಲೇ ಏನೂ ಇಲ್ಲ.

ಜಾಗ ಗುರುತಿಸಲು ದುಬಾರಿ ಸಲಕರಣೆ ಬೇಡ. ಬಿಲ್ಜ್ ಅನ್ನು ಪೂರ್ತಿ ಒರೆಸಿ ಒಣಗಿಸಿ, ಅನುಮಾನದ ಜಾಗಕ್ಕೆಲ್ಲ ಟಾಲ್ಕಂ ಪೌಡರ್ ಉದುರಿಸಿದರೆ ನೀರು ಹರಿದ ದಾರಿ ಗೆರೆಯಾಗಿ ಕಾಣುತ್ತದೆ. ಇನ್ನೊಂದು ಉಪಾಯ ತಲೆಕೆಳಗು: ಟ್ರೇಲರ್ ಮೇಲೆ ಡ್ರೇನ್ ಪ್ಲಗ್ ಹಾಕಿ, ಬಿಲ್ಜ್‌ಗೆ ಬಣ್ಣ ಬೆರೆಸಿದ ನೀರು ತುಂಬಿ, ಹೊರಗೆ ಎಲ್ಲಿ ತೊಟ್ಟಿಕ್ಕುತ್ತದೆ ಎಂದು ನೋಡುವುದು. ಇಲ್ಲಿ ಅತಿ ಉತ್ಸಾಹ ಬೇಡ. ಇನ್ನೂರು ಲೀಟರ್ ನೀರೆಂದರೆ ಇನ್ನೂರು ಕಿಲೋ. ಟ್ರೇಲರ್ ತಡೆದುಕೊಳ್ಳಬೇಕು, ನೀರಿನ ಮಟ್ಟ ಎಂಜಿನ್ನಿನ ಸ್ಟಾರ್ಟರ್ ಮುಟ್ಟಬಾರದು.

‘ಹೊರಗಿಂದ ನೋಡಿದೆ, ರಬ್ಬರ್ ಚೆನ್ನಾಗಿದೆ’

ಟ್ರಾನ್ಸಮ್ ಮತ್ತು ಡ್ರೈವ್ ನಡುವೆ ಹಾರ್ಮೋನಿಯಂನ ತಿದಿಯಂತೆ ಮಡಿಕೆ ಮಡಿಕೆಯಾದ ರಬ್ಬರ್ ಚೀಲಗಳಿವೆ. ಇಂಗ್ಲಿಷಿನವರು ಬೆಲೋಸ್ ಎನ್ನುತ್ತಾರೆ. ಡ್ರೈವ್ ಹೊರಳುವಾಗ, ಏಳುವಾಗ ಇವು ಹಿಗ್ಗಿ ಕುಗ್ಗುತ್ತವೆ. ಬಿರುಕು ಹುಟ್ಟುವುದು ಮಡಿಕೆಯ ಕಣಿವೆಯಲ್ಲಿ. ಡ್ರೈವ್ ನೇರವಾಗಿ ಕೆಳಗಿದ್ದಾಗ ಆ ಕಣಿವೆ ಕಣ್ಣಿಗೆ ಬೀಳದು. ಡ್ರೈವ್ ಮೇಲೆತ್ತಿ, ಸ್ಟಿಯರಿಂಗ್ ಪೂರ್ತಿ ಒಂದು ಬದಿಗೆ ತಿರುಗಿಸಿ, ಹಿಗ್ಗಿದ ಬದಿಯ ಮಡಿಕೆಗಳನ್ನು ಬೆರಳಿಂದ ಬಿಡಿಸಿ ನೋಡಬೇಕು. ನಂತರ ಇನ್ನೊಂದು ಬದಿ. ದೋಣಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವಾಗ ಡ್ರೈವ್ ಇಳಿಸಿಯೇ ಇಡಬೇಕೆನ್ನುವುದು ಈ ಮಡಿಕೆಗಳಿಗೆ ವಿರಾಮ ಸಿಗಲೆಂದು.

ಇವುಗಳಲ್ಲಿ ಮುಖ್ಯವಾದದ್ದು ಎಂಜಿನ್ನಿನ ಶಕ್ತಿಯನ್ನು ಡ್ರೈವ್‌ಗೆ ದಾಟಿಸುವ ಯೂನಿವರ್ಸಲ್ ಜಾಯಿಂಟನ್ನು ಮುಚ್ಚಿರುವ ಚೀಲ. ಅದು ಹರಿದರೆ ನೀರು ಮೊದಲು ಜಾಯಿಂಟಿಗೆ, ಆಮೇಲೆ ಅದರ ಶಾಫ್ಟನ್ನು ಹಿಡಿದಿರುವ ಗಿಂಬಲ್ ಬೇರಿಂಗಿಗೆ ತುಕ್ಕು ಹಿಡಿಸಿ, ಅದನ್ನೂ ದಾಟಿ ದೋಣಿಯೊಳಕ್ಕೆ ಬರುತ್ತದೆ. ತಿರುವಿನಲ್ಲಿ ಹಿಂದಿನಿಂದ ಗುರುಗುಟ್ಟುವ ಸದ್ದು ಕೇಳಿದರೆ ಬೇರಿಂಗ್ ಆಗಲೇ ನೀರು ಕುಡಿದಿದೆ ಎಂದು ಮೆಕ್ಯಾನಿಕ್ಕುಗಳು ಊಹಿಸುತ್ತಾರೆ. ಗೇರ್ ಕೇಬಲ್ಲಿನ ಪುಟ್ಟ ಚೀಲವನ್ನು ಮಾತ್ರ ಯಾರೂ ಲೆಕ್ಕಕ್ಕಿಡುವುದಿಲ್ಲ. ದೊಡ್ಡದನ್ನು ಬದಲಿಸಿ, ‘ಇದು ಚಿಕ್ಕದು, ಇರಲಿ’ ಎಂದು ಬಿಟ್ಟ ಆ ಚೀಲವೇ ದೋಣಿ ಮುಳುಗಿಸಿದ ಪ್ರಸಂಗಗಳುಂಟು. ಡ್ರೈವ್ ಬಿಚ್ಚುವುದೇ ದೊಡ್ಡ ಕೆಲಸವಾದ್ದರಿಂದ, ಒಮ್ಮೆ ಬಿಚ್ಚಿದ ಮೇಲೆ ಎಲ್ಲವನ್ನೂ ಹೊಸದು ಹಾಕುವುದು ಜಾಣತನ. ಜೋಡಿಸುವ ಮೊದಲು ಎಂಜಿನ್ ಮತ್ತು ಡ್ರೈವ್ ಒಂದೇ ನೇರದಲ್ಲಿವೆಯೇ ಎಂದು ಅಲೈನ್‌ಮೆಂಟ್ ಸರಳು ತೂರಿಸಿ ನೋಡಿಕೊಳ್ಳಬೇಕು.

ಇದಕ್ಕೆ ತದ್ವಿರುದ್ಧವಾದ ತಪ್ಪು ಭಯವೂ ಒಂದಿದೆ. ಹೊಗೆ ಹೋಗುವ ಚೀಲ ಹರಿದದ್ದು ಕಂಡು ದೋಣಿ ಮುಳುಗಿಯೇ ಹೋಯಿತೆಂದು ಗಾಬರಿಯಾಗುವವರಿದ್ದಾರೆ. ಆ ಮಾರ್ಗದಲ್ಲಿ ಹೇಗೂ ನೀರು ಇರುತ್ತದೆ, ಅದು ಬಿಲ್ಜ್‌ಗೆ ತೆರೆದುಕೊಳ್ಳುವುದಿಲ್ಲ. ಕೆಲವರು ಆ ಚೀಲ ತೆಗೆದು ಬರಿಯ ಕೊಳವೆ ಕೂರಿಸಿಕೊಂಡೇ ಓಡಿಸುತ್ತಾರೆ. ಅದನ್ನು ಹರಿಯುವವರಲ್ಲಿ ಮಸ್ಕ್‌ರ್ಯಾಟ್ ಎಂಬ ನೀರಿನ ದಂಶಕವೂ ಸೇರಿದೆ. ಕಟ್ಟೆಯಲ್ಲಿ ನಿಂತ ದೋಣಿಯ ಬೆಚ್ಚನೆಯ ಹೊಗೆಮಾರ್ಗದಲ್ಲಿ ಮನೆ ಮಾಡಲು ಅದು ರಬ್ಬರ್ ಕಡಿಯುತ್ತದೆ. ಪಕ್ಕದ ಚೀಲಕ್ಕೂ ಹಲ್ಲು ಹಾಕಿದರೆ ಆಗ ಗಾಬರಿಯಾಗುವುದು ನ್ಯಾಯ.

‘ಸಿಲಿಕೋನ್ ಮೆತ್ತಿದರೆ ಮುಗಿಯಿತು’

ಹಳೆಯ ದೋಣಿಗಳ ಹಿಂಗೋಡೆಯಲ್ಲಿ ಒಂದರ ಮೇಲೊಂದು ಮೆತ್ತಿದ ಸಿಲಿಕೋನ್ ಪದರಗಳನ್ನು ಕಂಡರೆ ಹಿಂದಿನ ಮಾಲೀಕರ ಚರಿತ್ರೆಯನ್ನೇ ಓದಬಹುದು. ಬಚ್ಚಲುಮನೆಯ ಈ ಮದ್ದು ನೀರಿನೊಳಗಿನ ಜೋಡಣೆಗೆ ಗಟ್ಟಿಯಾಗಿ ಅಂಟುವುದಿಲ್ಲ. ಅದರ ಜಿಡ್ಡು ಉಳಿದ ಜಾಗಕ್ಕೆ ಮುಂದೆ ಸರಿಯಾದ ಅಂಟೂ ಹಿಡಿಯುವುದಿಲ್ಲ. ಒಳಗಿನಿಂದ ಮೆತ್ತುವುದಂತೂ ಇನ್ನೂ ಕೆಟ್ಟದ್ದು. ನೀರು ಬಿಲ್ಜ್‌ಗೆ ಬರುವುದು ನಿಲ್ಲಬಹುದು, ಆದರೆ ಗೋಡೆಯೊಳಗೆ ಹೋಗುವುದು ನಿಲ್ಲದು.

ಗೋಡೆಯೊಳಗೆ ಏನಿದೆ ಎಂಬುದೇ ಇಲ್ಲಿ ಮುಖ್ಯ. ಹೊರಗೆ ನೋಡಿದರೆ ಫೈಬರ್‌ಗ್ಲಾಸ್. ಆ ಕಾಲದ ಬಹುತೇಕ ದೋಣಿಗಳಲ್ಲಿ ಎರಡು ಪದರಗಳ ನಡುವೆ ಇರುವುದು ಪ್ಲೈವುಡ್. ಮರ್ಕ್ರೂಸರ್ ಕೂರುವ ಹಿಂಗೋಡೆಯ ದಪ್ಪ ಎರಡರಿಂದ ಎರಡೂಕಾಲು ಇಂಚು. ಮೆಟ್ಟಿಲು ಕೂರಿಸಲು, ಆಳ ಅಳೆಯುವ ಸಾಧನ ಹಚ್ಚಲು ಯಾರೋ ಕೊರೆದ ಒಂದು ಸ್ಕ್ರೂ ತೂತಿನಿಂದ ನೀರು ವರ್ಷಗಟ್ಟಲೆ ಜಿನುಗಿದರೆ ಪ್ಲೈವುಡ್ ಕೊಳೆಯುತ್ತದೆ. ಕೊಳೆತ ಮರ ಕುಗ್ಗುತ್ತದೆ, ಡ್ರೈವ್ ಹಿಡಿದ ನಟ್ಟುಗಳು ಸಡಿಲವಾಗುತ್ತವೆ, ಕಿಂಡಿಯ ಸುತ್ತಿನ ಸೀಲ್ ಬಿಗಿ ಕಳೆದುಕೊಂಡು ಸೋರುತ್ತದೆ. ಮಾಲೀಕರು ನಟ್ಟು ಬಿಗಿಯುತ್ತಾರೆ. ಸೋರಿಕೆ ನಿಂತ ಹಾಗಾಗುತ್ತದೆ. ಮರ ಇನ್ನಷ್ಟು ನಜ್ಜಾಗುತ್ತದೆ. ಮುಂದಿನ ವರ್ಷ ಮತ್ತೆ ಬಿಗಿಯುತ್ತಾರೆ.

ಪರೀಕ್ಷೆ ಸರಳ. ಪ್ಲಾಸ್ಟಿಕ್ ತಲೆಯ ಸುತ್ತಿಗೆಯಿಂದ ಗೋಡೆಯುದ್ದಕ್ಕೂ ತಟ್ಟಿದರೆ ಗಟ್ಟಿ ಮರ ಟಕ್ ಎನ್ನುತ್ತದೆ, ಕೊಳೆತದ್ದು ಮಂಕಾಗಿ ದಬ್ ಎನ್ನುತ್ತದೆ. ಅನುಮಾನವಿದ್ದರೆ ಒಳಗಿನಿಂದ, ಹೊರಪದರ ತಾಗದಂತೆ ಸಣ್ಣ ತೂತು ಕೊರೆದು ಹೊಟ್ಟು ನೋಡಬೇಕು. ಒಣಗಿ ಬೆಳ್ಳಗಿದ್ದರೆ ಎಪಾಕ್ಸಿ ತುಂಬಿ ಮುಚ್ಚಿ ನೆಮ್ಮದಿಯಾಗಿರಬಹುದು. ಕಪ್ಪಾಗಿ ಒದ್ದೆಯಾಗಿದ್ದರೆ ಎಂಜಿನ್ ಎತ್ತಿ, ಒಳಪದರ ಕತ್ತರಿಸಿ, ಹೊಸ ಮರ ಕೂರಿಸಬೇಕು. ಎಷ್ಟೋ ಸಲ ಆ ಖರ್ಚು ದೋಣಿಯ ಬೆಲೆಯನ್ನೇ ಮೀರುತ್ತದೆ.

ಮರ ಗಟ್ಟಿಯಿದ್ದು ಸ್ಕ್ರೂ ಮಾತ್ರ ಸೋರುತ್ತಿದ್ದರೆ, ಅದನ್ನು ಬಿಚ್ಚಿ, ತೂತನ್ನು ಸ್ವಲ್ಪ ಅಗಲಿಸಿ ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರಲ್ಲೇ ಹೊಸ ತೂತು ಕೊರೆದು, ದೋಣಿಗೆಂದೇ ಬರುವ ಪಾಲಿಯುರೆಥೇನ್ ಸೀಲಂಟ್ ಹಚ್ಚಿ ಹೊರಗಿನಿಂದ ಕೂರಿಸಬೇಕು. ಹಾಗೆ ಮಾಡಿದರೆ ಮುಂದೆ ಸೀಲಂಟ್ ಸೋತರೂ ನೀರಿಗೆ ಮರ ಸಿಗುವುದಿಲ್ಲ.

‘ಹಿಮಗಟ್ಟಿದರೆ ಫ್ರೀಜ್ ಪ್ಲಗ್ ಹಾರಿ ಎಂಜಿನ್ ಉಳಿಯುತ್ತದೆ’

ವಿಸ್ಕಾನ್ಸಿನ್, ಮಿನೆಸೋಟದಂಥ ಚಳಿನಾಡುಗಳಲ್ಲಿ ವಸಂತದ ಮೊದಲ ಸವಾರಿಯಲ್ಲೇ ಬಿಲ್ಜ್ ತುಂಬುವುದಕ್ಕೆ ಈ ನಂಬಿಕೆಯೂ ಒಂದು ಕಾರಣ. ಎಂಜಿನ್ ಬ್ಲಾಕಿನ ಬದಿಯಲ್ಲಿ ಕಾಣುವ, ಫ್ರೀಜ್ ಪ್ಲಗ್ ಎಂದು ಕರೆಯುವ ದುಂಡು ಲೋಹದ ಬಿಲ್ಲೆಗಳು ರಕ್ಷಣೆಗೆಂದು ಇಟ್ಟವಲ್ಲ. ಬ್ಲಾಕ್ ಎರಕ ಹೊಯ್ಯುವಾಗ ಒಳಗಿನ ಮರಳು ತೆಗೆಯಲು ಬಿಟ್ಟ ಕಿಂಡಿಗಳ ಮುಚ್ಚಳ ಅವು. ನೀರು ಹಿಮವಾಗುವಾಗ ಗಾತ್ರದಲ್ಲಿ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ. ಮುಚ್ಚಳ ಹಾರಿದರೂ ಹಾರದಿದ್ದರೂ ಎರಕದ ಕಬ್ಬಿಣ ಬಿರಿಯಬಹುದು. ಚಳಿಗೆ ಮೊದಲು ನೀರನ್ನು ಪೂರ್ತಿ ಬಸಿಯುವುದು ಅಥವಾ ಪ್ರೊಪಿಲೀನ್ ಗ್ಲೈಕಾಲ್ ಆಂಟಿಫ್ರೀಜ್ ಹಾಯಿಸುವುದು ಬಿಟ್ಟರೆ ಬೇರೆ ದಾರಿಯಿಲ್ಲ. ಎಣ್ಣೆ ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿದ್ದರೆ ಬಿರುಕು ಒಳಗಡೆಯೂ ಇರಬಹುದು.

‘ಪಂಪ್ ಇದೆ, ಫೋಮ್ ಇದೆ, ಮುಳುಗುವುದಿಲ್ಲ’

ಲೆಕ್ಕ ಹಾಕಿ ನೋಡೋಣ. ನೀರಿನ ಮಟ್ಟಕ್ಕಿಂತ 30 ಸೆಂಟಿಮೀಟರ್ ಕೆಳಗೆ 25 ಮಿಲಿಮೀಟರ್ ಅಗಲದ ತೂತಿದ್ದರೆ ನಿಮಿಷಕ್ಕೆ 40 ಲೀಟರಿಗೂ ಹೆಚ್ಚು ನೀರು ನುಗ್ಗುತ್ತದೆ. ಗಂಟೆಗೆ ಸುಮಾರು 2,500 ಲೀಟರ್. ಸಣ್ಣ ದೋಣಿಗಳಲ್ಲಿ ಸಾಮಾನ್ಯವಾದ 500 ಗ್ಯಾಲನ್ನಿನ ಪಂಪ್ ಗಂಟೆಗೆ ಎತ್ತುವುದು ಸುಮಾರು 1,900 ಲೀಟರ್, ಅದೂ ಪೆಟ್ಟಿಗೆಯ ಮೇಲಿನ ಲೆಕ್ಕದಲ್ಲಿ. ಪೈಪಿನ ಎತ್ತರ, ಬಾಗುಗಳನ್ನು ಹಾಯುವಾಗ ಅದೂ ಇಳಿಯುತ್ತದೆ. ಬ್ಯಾಟರಿ ಮುಗಿದರೆ ಸೊನ್ನೆ. ಪಂಪಿನ ಪೈಪ್ ನೀರಿನ ಮಟ್ಟಕ್ಕೆ ಹತ್ತಿರದಲ್ಲಿ ಹೊರಬಿದ್ದರೆ, ಹಿಂದಿನ ಭಾಗ ಭಾರವಾದಾಗ ಅದೇ ಪೈಪಿನಿಂದ ಸರೋವರ ಒಳಗೆ ಇಳಿಯುವುದೂ ಉಂಟು. ಚಲಿಸುತ್ತಿರುವಾಗ ಮುಳುಗುವ ಪ್ರತಿ ಒಂದು ದೋಣಿಗೆ ಕಟ್ಟಿದ ಜಾಗದಲ್ಲೇ ನಾಲ್ಕು ಮುಳುಗುತ್ತವೆ ಎಂದು ಅಮೆರಿಕದ ಬೋಟ್‌ಯುಎಸ್ ಸಂಸ್ಥೆ ತನ್ನ ವಿಮಾ ಕಡತಗಳಿಂದ ಹೇಳುತ್ತ ಬಂದಿದೆ. ಯಾರೂ ನೋಡದ ರಾತ್ರಿಗಳಲ್ಲಿ ಪಂಪಿನ ಮೇಲೆ ನಂಬಿಕೆಯಿಟ್ಟ ದೋಣಿಗಳೂ ಅವುಗಳಲ್ಲಿ ಸೇರಿವೆ.

ತೇಲಲೆಂದು ಒಡಲಿನಲ್ಲಿ ತುಂಬಿದ ಫೋಮ್ ವಿಷಯದಲ್ಲೂ ಗೊಂದಲವಿದೆ. ಅಮೆರಿಕದ ಕಾನೂನು 20 ಅಡಿಗಿಂತ ಚಿಕ್ಕ ದೋಣಿಗಳಿಗೆ ಮಾತ್ರ ತೇಲುವ ಗುಣ ಕಡ್ಡಾಯ ಮಾಡಿದೆ. ಔಟ್‌ಬೋರ್ಡ್ (ಎಂಜಿನ್ ಹೊರಗಿರುವ) ದೋಣಿ ನೀರು ತುಂಬಿದರೂ ಮಟ್ಟಸವಾಗಿ ತೇಲಬೇಕು ಎನ್ನುವ ಆ ನಿಯಮ, ಸ್ಟರ್ನ್‌ಡ್ರೈವ್‌ನಿಂದ ಕೇಳುವುದು ಒಡಲಿನ ಯಾವುದಾದರೂ ಭಾಗ ನೀರಿನ ಮೇಲೆ ಉಳಿಯುವುದನ್ನಷ್ಟೇ. ಮೂತಿ ಮೇಲೆ, ಎಂಜಿನ್ ಕೆಳಗೆ ಮಾಡಿ ನೆಟ್ಟಗೆ ನಿಂತ ದೋಣಿಯೂ ಕಾನೂನಿನ ಕಣ್ಣಲ್ಲಿ ಪಾಸು. ಮೇಲಾಗಿ ದಶಕಗಳ ಕಾಲ ಒದ್ದೆಯಲ್ಲಿದ್ದ ಫೋಮ್ ನೀರು ಹೀರಿ ತಾನೇ ಹೊರೆಯಾಗಿರುತ್ತದೆ. ಇಂಥ ದೋಣಿ ನೀರಿನಲ್ಲಿ ಇರಬೇಕಾದ ಮಟ್ಟಕ್ಕಿಂತ ಕೆಳಗೆ ಕೂರುತ್ತದೆ, ಮೇಲಿರಬೇಕಾದ ತೂತುಗಳೆಲ್ಲ ನೀರಿಗೆ ಹತ್ತಿರವಾಗುತ್ತವೆ.

ಹೀಗಾಗಿ ಹಳೆಯ ದೋಣಿ ಕೊಳ್ಳುವ ಅನುಭವಿಗಳು ಇಳಿಜಾರಿನಲ್ಲಿ ದೋಣಿಯನ್ನು ನೀರಿಗೆ ಇಳಿಸಿದರೂ ಟ್ರೇಲರಿನಿಂದ ಕಳಚುವುದಿಲ್ಲ. ಎಂಜಿನ್ ಮುಚ್ಚಳ ತೆರೆದು, ಒಣಗಿಸಿದ ಬಿಲ್ಜ್‌ಗೆ ಟಾರ್ಚ್ ಹಾಯಿಸಿ, ಮೊದಲು ಎಂಜಿನ್ ಆರಿಸಿ ಹತ್ತು ಹದಿನೈದು ನಿಮಿಷ, ಬಳಿಕ ಎಂಜಿನ್ ಓಡಿಸಿ ಅಷ್ಟೇ ಹೊತ್ತು ನೋಡುತ್ತಾರೆ. ಅದಕ್ಕೂ ಮೊದಲು ಡ್ರೇನ್ ಪ್ಲಗ್ ಹಾಕಿದೆಯೇ ಎಂದು ಕೈಯಿಂದ ಮುಟ್ಟಿ ನೋಡುತ್ತಾರೆ. ಕೆಲವರು ದೋಣಿ ದಡದಲ್ಲಿರುವಷ್ಟು ದಿನ ಆ ಪ್ಲಗ್ಗನ್ನು ಎಂಜಿನ್ ಕೀಲಿಯ ಜೊತೆಗೇ ಕಟ್ಟಿಟ್ಟಿರುತ್ತಾರೆ.