ಬೇಯುವುದು ಬೇಳೆ ಮಾತ್ರವಲ್ಲ

ದಾಲ್ಚಾ ಮಾಡಿ ಅಭ್ಯಾಸವಿರುವವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಅಲ್ಲಿ ಅವಸರ ನಡೆಯುವುದಿಲ್ಲ. ಮೊದಲು ಮಾಂಸ ಮತ್ತು ಕಡಲೆಬೇಳೆ ಮೆತ್ತಗಾಗಬೇಕು, ನಂತರ ಸೋರೆಕಾಯಿ, ಹುಣಸೆರಸ ಕೊನೆಗೆ. ಹುಳಿಯನ್ನು ಮೊದಲೇ ಸುರಿದರೆ ಎಷ್ಟು ಹೊತ್ತು ಕುದಿಸಿದರೂ ಬೇಳೆ ಸುಲಭವಾಗಿ ಮೆತ್ತಗಾಗದು.

ಕನ್ನಡದ 'ಬೇಯು' ಎಂಬ ಪದ ಅಡುಗೆ ಮನೆಯಲ್ಲೇ ಉಳಿದಿಲ್ಲ ಎಂಬುದನ್ನು ನೀವು ಗಮನಿಸಿರಬಹುದು. ಕುತಂತ್ರ ಫಲಿಸದಿದ್ದರೆ 'ಅವನ ಬೇಳೆ ಬೇಯಲಿಲ್ಲ' ಎನ್ನುತ್ತೇವೆ. ಕಷ್ಟದಲ್ಲೇ ಬದುಕು ಸವೆಸಿದವರು ನಮ್ಮ ಮಾತಿನಲ್ಲಿ 'ನೊಂದು ಬೆಂದವರು'. ಇಂಗ್ಲಿಷ್ ಮಾತನಾಡುವವರಲ್ಲೂ ಇಂಥದೇ ಒಂದು ಮಾತಿದೆ. ತಾನೇ ತಂದುಕೊಂಡ ಕಷ್ಟದಲ್ಲಿ ಒದ್ದಾಡುವವನನ್ನು ಕಂಡರೆ, ಅವನು ತನ್ನದೇ ರಸದಲ್ಲಿ ಬೇಯಲಿ ಬಿಡು ಎನ್ನುತ್ತಾರೆ. ಎಷ್ಟು ನಿಷ್ಠುರವಾದ ಮಾತು!

ನಮ್ಮ ರಾಜಧಾನಿಯ ಹೆಸರಿಗೂ ಜನರು ಬೆಂದ ಕಾಳಿನ ನಂಟು ಹಚ್ಚಿದ್ದಾರೆ. ಹೊಯ್ಸಳ ದೊರೆ ವೀರಬಲ್ಲಾಳ ಬೇಟೆಗೆ ಹೋಗಿ ದಾರಿ ತಪ್ಪಿ ಹಸಿದು ಬಂದಾಗ ಮುದುಕಿಯೊಬ್ಬಳು ಬೇಯಿಸಿದ ಕಾಳು ಕೊಟ್ಟಳಂತೆ. ಅದರಿಂದಲೇ ಊರು 'ಬೆಂದಕಾಳೂರು' ಆಯಿತಂತೆ. ಆದರೆ ನಗರದ ದಕ್ಷಿಣಕ್ಕಿರುವ ಬೇಗೂರಿನ ಕಲ್ಲು ಬೇರೆಯದನ್ನು ಹೇಳುತ್ತದೆ. ಅಲ್ಲಿನ ನಾಗೇಶ್ವರ ದೇವಾಲಯದಲ್ಲಿರುವ ಸುಮಾರು ಕ್ರಿ.ಶ. 890ರ ಶಾಸನದಲ್ಲಿ 'ಬೆಂಗಳೂರು ಕಾಳಗ'ದ ಉಲ್ಲೇಖವಿದೆ. ವೀರಬಲ್ಲಾಳ ಪಟ್ಟವೇರಿದ್ದು 1173ರಲ್ಲಿ. ಅಂದರೆ ಆತನಿಗಿಂತ ಸುಮಾರು ಮುನ್ನೂರು ವರ್ಷಗಳ ಹಿಂದೆಯೇ ಊರಿಗೆ ಈ ಹೆಸರಿತ್ತು.

ಶಾಸನದಲ್ಲಿರುವುದು ಕಾಳಗ, ಜನರು ನೆನಪಿಟ್ಟಿರುವುದು ಕಾಳು! ಕತೆಗೆ ಚರಿತ್ರೆಯ ಬೆಂಬಲವಿಲ್ಲದಿದ್ದರೂ ಜನರು ಅದನ್ನು ಕೈಬಿಟ್ಟಿಲ್ಲ. ಯಾಕಿರಬಹುದು? ಯಾರೆಂದು ಕೇಳದೆ ಹಸಿದವನ ಮುಂದೆ ತನ್ನ ಮಡಕೆಯಲ್ಲಿದ್ದುದನ್ನು ಇಟ್ಟ ಆ ಮುದುಕಿಯ ಮೇಲೆ ಅವರಿಗೆ ಪ್ರೀತಿ ಇರಬೇಕು.

ಹಂಚಿ ತಿನ್ನಲೆಂದು ಬೇಯಿಸಿದ್ದು ಊರಿನ ನೆನಪಿನಲ್ಲಿ ಉಳಿಯುತ್ತದೆ. ಯಾರಿಗೂ ಹೇಳದೆ ಒಳಗೊಳಗೇ ಬೇಯುವುದರ ಗತಿಯೇನು? ಅದು ತಳ ಹಿಡಿಯುತ್ತದೆ. ಸಾರು ತಳ ಹಿಡಿದಾಗಲೂ ಮೇಲಿನಿಂದ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಸೀದ ವಾಸನೆ ಬಂದಾಗಲೇ ನಮಗೆ ಎಚ್ಚರ. ನಮ್ಮ ಮನೆಗಳಲ್ಲೂ ಹೀಗೆ ಬೇಯುವ ಜೀವಗಳಿವೆ. ಎಲ್ಲರಿಗೂ ಬಡಿಸಿ ಕೊನೆಗೆ ತಣ್ಣಗಾದ ಊಟ ಮಾಡುವ ಸೊಸೆ, ಕೆಲಸ ಹೋದುದನ್ನು ಮನೆಯಲ್ಲಿ ಹೇಳಲಾಗದ ಮಗ, 'ನನಗೇನೂ ಬೇಡ' ಎಂದು ಮೂಲೆ ಸೇರಿದ ಅತ್ತೆ. ಅವರನ್ನು 'ಬೇಯಲಿ ಬಿಡು' ಎನ್ನಬಹುದೇ?

ಅಡುಗೆ ಬಲ್ಲವರು ಏನು ಮಾಡುತ್ತಾರೆ ನೋಡಿ. ಉರಿ ತಗ್ಗಿಸುತ್ತಾರೆ, ಮುಚ್ಚಳ ತೆಗೆಯುತ್ತಾರೆ, ಸೌಟನ್ನು ತಳದವರೆಗೆ ಇಳಿಸಿ ಮೆಲ್ಲನೆ ತಿರುವುತ್ತಾರೆ. ಮನುಷ್ಯರ ವಿಷಯದಲ್ಲೂ ಅಷ್ಟೇ ಬೇಕಾಗಿರುವುದು. ಕುಳಿತು ಕೇಳಿರಿ. ಬುದ್ಧಿವಾದದ ಹುಳಿಯನ್ನು ಮೊದಲೇ ಸುರಿಯಬೇಡಿ. ಎದುರಿನವರು ಮೆತ್ತಗಾದ ಬಳಿಕ ಹೇಳಿದರೆ ಅದೇ ಮಾತು ರುಚಿಸುತ್ತದೆ.

ಸಾರು ಮಾಡುವಾಗ ನೀರು ಸ್ವಲ್ಪ ಹೆಚ್ಚು ಹಾಕಿ ನೆರೆಯವರನ್ನೂ ನೆನೆಯಬೇಕೆಂದು ಪ್ರವಾದಿವರ್ಯರು(ಸ) ಅಬೂದರ್‌ರಿಗೆ(ರ) ಉಪದೇಶಿಸಿದ್ದರು. ಬೇಗೂರಿನಂತಹ ಕಡೆ ಇಂದು ಒಂದೇ ಕಟ್ಟಡದಲ್ಲಿ ನೂರಾರು ಮನೆಗಳಿವೆ, ಎದುರು ಬಾಗಿಲಿನವರ ಹೆಸರೇ ಗೊತ್ತಿರುವುದಿಲ್ಲ. ಒಂದು ಬಟ್ಟಲು ದಾಲ್ಚಾ ಹಿಡಿದು ಆ ಬಾಗಿಲು ತಟ್ಟಿ ನೋಡಿ. ಒಳಗೆ ಯಾರು ಬೇಯುತ್ತಿದ್ದಾರೋ ಬಲ್ಲವರಾರು?